ಮುನಿರಾಜುವಿಗೆ ನಾನು ಮುಟ್ಟಿಸದ ಮಾತು

ಮುನಿರಾಜುವಿಗೆ ಅಂಟುರೋಗ ಇರಲಿಲ್ಲ. ಅದು ನನಗೆ ಗೊತ್ತಿತ್ತು. ಅವನಿಗೆ ಗೊತ್ತಿರಲಿಲ್ಲ — ಯಾಕೆಂದರೆ ಡಾಕ್ಟರು ಅವನಿಗೆಂದು ಹೇಳಿದ ಮಾತನ್ನು ನಾನು ಅವನಿಗೆ ಮುಟ್ಟಿಸಲಿಲ್ಲ.

ಎಪ್ಪತ್ತರ ದಶಕದ ಕೊನೆ. ಪೀಣ್ಯದ ಒಂದು ಸಣ್ಣ ಕಾರ್ಖಾನೆಯಲ್ಲಿ ನಾನು ಸೂಪರ್‌ವೈಸರ್. ಮುನಿರಾಜು ನನ್ನ ಕೈಕೆಳಗೆ ಮೋಟಾರಿಗೆ ತಂತಿ ಸುತ್ತುತ್ತಿದ್ದ. ಬೆಳಿಗ್ಗೆ ಕಬ್ಬಿಣದ ಸ್ಟೂಲಿನ ಮೇಲೆ ಕೂತರೆ ಊಟದ ಸೈರನ್ನಿಗೇ ಏಳುವುದು. ನಡುವೆ ಕಕ್ಕಸಿಗೆ ಹೋಗಬೇಕಾದವರು ನನ್ನ ಮೇಜಿನಿಂದ ಹಿತ್ತಾಳೆಯ ಬಿಲ್ಲೆ ತೆಗೆದುಕೊಂಡು ಹೋಗಬೇಕು, ಬಂದು ಅಲ್ಲೇ ಇಡಬೇಕು. ಇಡೀ ವಿಭಾಗಕ್ಕೆ ಒಂದೇ ಬಿಲ್ಲೆ. ಬೀಡಿ ಸೇದುವ ನೆಪದಲ್ಲಿ ಯಾರೂ ಹೊತ್ತು ಕಳೆಯಬಾರದೆಂದು ಆ ಏರ್ಪಾಡು ಮಾಡಿದವನು ನಾನೇ. ಕೆಲಸದ ಅವಸರವಿದ್ದ ದಿನ ಬಿಲ್ಲೆ ನನ್ನ ಜೇಬು ಸೇರುತ್ತಿತ್ತು. “ಏನೋ, ಆಗ್ಲೇ ಕೆರೆ ಕೋಡಿ ಬಿತ್ತಾ?” ಎಂದು ಗೇಲಿ ಮಾಡಿದರೆ ಎಲ್ಲರೂ ನಗುತ್ತಿದ್ದರು. ಮುನಿರಾಜು ಸಂಕೋಚದ ಮನುಷ್ಯ. ಕೇಳುವುದೇ ಬೇಡವೆಂದು ಮೂತ್ರ ಕಟ್ಟಿಕೊಂಡು ಕೂರುತ್ತಿದ್ದ. ಆಮೇಲೆ ನೀರು ಕುಡಿಯುವುದನ್ನೇ ಬಿಟ್ಟ. ಟೀ ಒಂದೇ ಅವನ ಆಧಾರ. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಅನ್ನುತ್ತಾರಲ್ಲ — ಬೆಕ್ಕು ನಾನು.

ಅವನಿಗೆ ಮದುವೆಯಾಗಿ ಇನ್ನೂ ವರ್ಷ ತುಂಬಿರಲಿಲ್ಲ. ಹೆಂಡತಿ ಜಯಮ್ಮ ಸರ್ಜಾಪುರದ ಕಡೆಯವಳು. ಬಾಗಲಗುಂಟೆಯಲ್ಲಿ ಒಂದು ಕೋಣೆಯ ಬಾಡಿಗೆ ಮನೆ. ಉರಿಮೂತ್ರ ಶುರುವಾದಾಗ ಜೊತೆಯವರು ಉಷ್ಣ ಎಂದರು. ಅವನು ಕಾಲಿನ ಹೆಬ್ಬೆರಳಿಗೆ ಸುಣ್ಣ ಹಚ್ಚಿಕೊಂಡು ಕೆಲಸಕ್ಕೆ ಬಂದ. ಆ ಸುಣ್ಣ ಕಂಡದ್ದೇ ನನ್ನ ನಾಲಿಗೆ ತುರಿಸಿತು.

“ಇದು ಸುಣ್ಣಕ್ಕೆ ಇಳಿಯೋ ಉಷ್ಣ ಅಲ್ಲ ಕಣ್ರೋ. ಮಗ ಎಲ್ಲೋ ಮೆಜೆಸ್ಟಿಕ್ ಕಡೆ ಹೆಂಗಸರ ಹತ್ರ ಹೋಗಿ ಬಂದಿದಾನೆ!”

ತಮಾಷೆಗೆ ಅಂದೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಜಯಮ್ಮನ ಅಣ್ಣ ಪಕ್ಕದ ಕಾರ್ಖಾನೆಯಲ್ಲೇ ಇದ್ದ. ಸುದ್ದಿ ಕಿವಿಗೆ ಬಿದ್ದ ವಾರದಲ್ಲೇ ತಂಗಿಯನ್ನು ತವರಿಗೆ ಕರೆದುಕೊಂಡು ಹೋದ.

ಅದಾದ ಮೇಲೆ ಮುನಿರಾಜುವಿಗೆ ಚಳಿಜ್ವರ, ಕಿಬ್ಬೊಟ್ಟೆಯಲ್ಲಿ ತಡೆಯಲಾಗದ ನೋವು, ಮೂತ್ರ ತೊಟ್ಟು ತೊಟ್ಟಾಗಿ ಬರುತ್ತಿತ್ತು. ನಾನೇ ಆಟೋದಲ್ಲಿ ಆಸ್ಪತ್ರೆಗೆ ಕರೆದೊಯ್ದೆ. ಅಲ್ಲಿದ್ದ ಡಾಕ್ಟರಿಗೆ ಕನ್ನಡ ಬಾರದು, ಮುನಿರಾಜುವಿಗೆ ಇಂಗ್ಲಿಷ್ ಬಾರದು. ನಡುವೆ ನಾನು.

ಡಾಕ್ಟರು ಪರೀಕ್ಷೆಯೆಲ್ಲ ಮುಗಿಸಿ ನಿಧಾನವಾಗಿ ವಿವರಿಸಿದರು. ಮೂತ್ರಕೋಶದ ಕೆಳಗೆ ಪ್ರಾಸ್ಟೇಟ್ ಎಂಬ ಗ್ರಂಥಿ ಇದೆ, ಅದಕ್ಕೆ ಸೋಂಕು ತಗುಲಿ ಬಾತಿದೆ. ಕೆಟ್ಟ ಸಹವಾಸದ ರೋಗವಲ್ಲ. ಹೆಂಡತಿಗೆ ಅಂಟುವುದಿಲ್ಲ, ಅದನ್ನು ಅವನಿಗೆ ತಿಳಿಯ ಹೇಳಿ, ಹೆದರಿದ್ದಾನೆ. ಮಾತ್ರೆ ಪೂರ್ತಿ ಮುಗಿಸಲಿ. ಚೆನ್ನಾಗಿ ನೀರು ಕುಡಿಯಲಿ, ಟೀ ಕಡಿಮೆ ಮಾಡಲಿ, ಆಗಾಗ ಎದ್ದು ಓಡಾಡಲಿ. ಮೂತ್ರ ಕಟ್ಟಿಕೊಂಡು ಕೂತರೆ ಇಂಥದ್ದು ಕೆರಳುತ್ತದೆ. “ಕೆಲಸದ ಜಾಗದಲ್ಲಿ ಇವನನ್ನು ಯಾರಾದರೂ ತಡೆಯುತ್ತಾರಾ?” ಎಂದು ನನ್ನನ್ನೇ ಕೇಳಿದರು.

ನಾನು ಮಾತ್ರೆಯ ಚೀಟಿ ತೆಗೆದುಕೊಂಡು ಎದ್ದೆ.

“ಏನಂದ್ರು ಸಾರ್? ನಂಗೆ... ಅದೇನಾ?” ಎಂದ ಮುನಿರಾಜು.

“ಬಿಡಿಸಿ ಏನೂ ಹೇಳ್ಲಿಲ್ಲ ಕಣೋ. ಮಾತ್ರೆ ತಗೋ, ನೀರು ಕುಡಿ ಅಂದ್ರು.”

ಅಷ್ಟೇ ಹೇಳಿದೆ. ಪೂರ್ತಿ ಹೇಳಿದ್ದರೆ ಬಿಲ್ಲೆಯ ವಿಷಯ ಮಾಲೀಕರವರೆಗೆ ಹೋಗುತ್ತಿತ್ತು. ನನ್ನ ತಮಾಷೆ ಸುಳ್ಳು ಎಂದು ಎಲ್ಲರ ಮುಂದೆ ಒಪ್ಪಬೇಕಾಗುತ್ತಿತ್ತು. ನಾಳೆ ಹೇಳೋಣ ಅಂದುಕೊಂಡೆ — ಅವನು ಹುಷಾರಾದ. ಹುಷಾರಾದ ಮೇಲೆ ಹೇಳುವುದೇನಿದೆ ಅಂದುಕೊಂಡೆ. ಸ್ವಲ್ಪ ದಿನಕ್ಕೆ ಬೇರೆ ಕಡೆ ಕೆಲಸ ಸಿಕ್ಕಿತು, ಹೊರಟುಹೋದೆ. ಹೆಂಡತಿ ವಾಪಸು ಬಂದಿರುತ್ತಾಳೆ ಎಂದು ನಂಬಿಕೊಂಡೆ. ನಂಬುವುದು ನನಗೆ ಸುಲಭವಿತ್ತು.

ಹತ್ತು ವರ್ಷವಾಗಿರಬೇಕು. ಜಾಲಹಳ್ಳಿ ಕ್ರಾಸಿನ ಬಸ್ ಸ್ಟಾಪಿನಲ್ಲಿ ಮುನಿರಾಜು ಸಿಕ್ಕಿ, ಅದೇ ಮರ್ಯಾದೆಯಿಂದ ಕೈಮುಗಿದ. “ಮಕ್ಕಳೆಷ್ಟೋ?” ಎಂದೆ.

“ಎಲ್ಲಿ ಸಾರ್ ಮಕ್ಳು. ಜಯಮ್ಮ ಒಂದ್ಸಲ ಅಣ್ಣನ ಕಣ್ತಪ್ಪಿಸಿ ಬಂದಿದ್ಲು. ನಾನೇ ಬರಬ್ಯಾಡ ಅಂತ ಕಳಿಸ್ಬಿಟ್ಟೆ. ನಂಗಿರೋದು ಅವಳಿಗೂ ಅಂಟಿದ್ರೆ?”

ಅವಳು ವಾಪಸು ಬಂದಿರಲಾರಳೇನೋ ಎಂದು ಅನುಮಾನ ಬಂದಾಗೆಲ್ಲ, ಅವಳ ಅಣ್ಣ ತಡೆದಿರಬಹುದು, ಅವಳೇ ಅಸಹ್ಯಪಟ್ಟಿರಬಹುದು — ಏನೇನೋ ಊಹಿಸಿದ್ದೆ. ಇದನ್ನು ಊಹಿಸಿರಲಿಲ್ಲ. ಎಂದೂ ತಪ್ಪು ದಾರಿ ತುಳಿಯದ ಮನುಷ್ಯ, ತನಗೆ ಆ ರೋಗ ಎಲ್ಲಿಂದ ಬಂತೆಂದು ಹತ್ತು ವರ್ಷ ತಲೆ ಕೆಡಿಸಿಕೊಂಡಿದ್ದಾನೆ! ಹಜಾಮನ ಕತ್ತಿಯಿಂದ ಇರಬಹುದು ಸಾರ್, ಎಂದು ನನಗೇ ಹೇಳಿದ!

ಅವತ್ತು ಎಲ್ಲವನ್ನೂ ಹೇಳಿದೆ. ಬಸ್ಸುಗಳು ಬಂದು ಹೋದವು. ಅವನು ಬೈಯಲಿಲ್ಲ, ಕೈ ಎತ್ತಲಿಲ್ಲ. “ಡಾಕ್ಟ್ರು ಅವತ್ತೇ ಹೇಳಿದ್ರಾ ಸಾರ್?” ಎಂದು ಕೇಳಿದ. ಹೌದೆಂದೆ. ಮತ್ತೆ ಅದನ್ನೇ ಕೇಳಿದ. ಆಮೇಲೆ ಮುಖ ಬೇರೆ ಕಡೆ ತಿರುಗಿಸಿ, “ಅವಳಿಗೆ ನೀವೇ ಹೇಳಿ. ನಾನು ಹೇಳಿದ್ರೆ ಕಟ್ಟಿದ ಕತೆ ಅಂತಾಳೆ” ಎಂದ.

ಮರುದಿನ ಸರ್ಜಾಪುರಕ್ಕೆ ಒಬ್ಬನೇ ಹೋದೆ. ಜಯಮ್ಮ ಅಣ್ಣನ ಮನೆಯ ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತಿದ್ದರು. ಕಿವಿಯ ಹತ್ತಿರ ಕೂದಲು ಬೆಳ್ಳಗಾಗಿತ್ತು. ನಾನು ಯಾರೆಂದು ಹೇಳಿದೆ, ಆಡಿದ್ದನ್ನು ಹೇಳಿದೆ, ಆಡದೆ ಉಳಿಸಿಕೊಂಡದ್ದನ್ನೂ ಹೇಳಿದೆ. ಅವರು ಕೈಯ ಕೆಲಸ ನಿಲ್ಲಿಸಿ ನನ್ನನ್ನೇ ನೋಡಿದರು.

“ಅಂಗಾದ್ರೆ ನಾನು ಅವ್ರ ಜೊತೇಲೇ ಇರ್ಬೋದಿತ್ತಾ?”

ಇರಬಹುದಿತ್ತು ತಾಯಿ, ಎಂದೆ.