ಉತ್ತರ ಬಾರದ ಹಸಿರು ದೀಪ

ಟೈಲ್ಸ್ ಕಾರ್ಖಾನೆಯಲ್ಲಿ ಅವನನ್ನು ಹೆಸರು ಹಿಡಿದು ಕರೆಯುವವರು ಯಾರೂ ಇರಲಿಲ್ಲ. ಎಲ್ಲರಿಗೂ ಅವನು ಡಬ್ಬಿಯಣ್ಣ. ಸೇರಿದಾಗ ವೈರ್‌ಮನ್. ಸುಟ್ಟ ಮೋಟರ್ ಬಿಚ್ಚುವುದು, ಫ್ಯೂಸ್ ಹಾಕುವುದು, ತಡವಾಯಿತೆಂದು ಬೈಸಿಕೊಳ್ಳುವುದು, ಇಷ್ಟೇ ಕೆಲಸ. ನಲವತ್ತು ದಾಟಿದ ಮೇಲೆ ಕಂಪ್ಯೂಟರಿನ ಹುಚ್ಚು ಹತ್ತಿತು. ಓದಿದವರ ಹತ್ತಿರ ಹೋಗಿ ಕೇಳಿದ, ಅವರು ನಕ್ಕರು, ನಗಲಿ ಎಂದು ಮತ್ತೆ ಕೇಳಿದ. ಮಾನ ಮರ್ಯಾದೆ ಮೂಟೆ ಕಟ್ಟಿಟ್ಟು ಕಲಿತ ವಿದ್ಯೆ ಅದು.

ಟೈಲ್ಸಿನ ಫೋಟೊ ನೋಡಿ ಬಿರುಕು ಇದೆಯೋ ಇಲ್ಲವೋ ಹೇಳುವ ಎಐ ಒಂದನ್ನು ಆ ಕಾರ್ಖಾನೆಯಲ್ಲಿ ನಿಲ್ಲಿಸಿದವನು ಅವನೇ. ಆಫೀಸಿನ ಹಿಂದಿನ ತಣ್ಣನೆ ಕೋಣೆಯಲ್ಲಿ ದೊಡ್ಡ ಕಂಪ್ಯೂಟರು, ಅದೇ ಸರ್ವರ್. ಅದರೊಳಗೆ ಎಐ ತನಗೆ ಬೇಕಾದ ಸಾಮಾನೆಲ್ಲ ಜೊತೆಗಿಟ್ಟುಕೊಂಡು ಕಂಟೇನರ್ ಎಂಬ ಒಂದು ಸಾಫ್ಟ್‌ವೇರ್ ಪೆಟ್ಟಿಗೆಯಲ್ಲಿ ಕೂತಿರುತ್ತದೆ. ಕೆಳಗೆ ಪ್ರತಿ ಬೆಲ್ಟಿನ ಪಕ್ಕ ಒಂದು ಸಣ್ಣ ಕಂಪ್ಯೂಟರು, ಅದರಲ್ಲೂ ಒಂದು ಕಂಟೇನರು. ಕೆಳಗಿನದು ಫೋಟೊ ಕಳಿಸಿ ಕೇಳುತ್ತದೆ, ಸರ್ವರ್ ಉತ್ತರ ಕೊಡುತ್ತದೆ. ಸರಿಯಿದ್ದರೆ ಹಸಿರು ದೀಪ, ಬಿರುಕಿದ್ದರೆ ಕೆಂಪು. ಕಂಟೇನರ್ ಎನ್ನುವ ಮಾತು ಲೋಡಿಂಗಿನವರ ಬಾಯಲ್ಲಿ ಹೊರಳದೆ ಡಬ್ಬಿಯಾಯಿತು, ಇವನು ಡಬ್ಬಿಯಣ್ಣನಾದ. ಕೆಟ್ಟರೆ ರಿಪೇರಿ ಅಂತ ತಲೆ ಕೆಡಿಸಿಕೊಳ್ಳಬೇಕಿಲ್ಲ, ಹಳೇ ಡಬ್ಬಿ ತೆಗೆದೆಸೆದು ಹೊಸದು ಇಟ್ಟರಾಯಿತು ಎಂದು ಕಂಡವರಿಗೆಲ್ಲ ಹೇಳಿಕೊಂಡು ತಿರುಗುತ್ತಿದ್ದ.

ಅವನ ಅಕ್ಕ ಮೂರನೇ ಬೆಲ್ಟಿನ ಕೊನೆಯಲ್ಲಿ ನಿಲ್ಲುವವಳು. ಹತ್ತೊಂಬತ್ತು ವರ್ಷದಿಂದ ಅದೇ ಜಾಗ. ಇವನಿಗೆ ಕೆಲಸ ಕೊಡಿಸಿದವಳೂ ಅವಳೇ. ಮೊದಲು ಟೈಲ್ಸನ್ನು ಕಣ್ಣಿನಲ್ಲೇ ಅಳೆದು ಬೇರ್ಪಡಿಸುತ್ತಿದ್ದಳು. ದೀಪ ಬಂದ ಮೇಲೆ ಬೆಲ್ಟಿನ ಓಟ ಹೆಚ್ಚಿಸಿದರು. ನೋಡುತ್ತ ನಿಲ್ಲಲು ಪುರುಸೊತ್ತಿಲ್ಲ. ಕೆಂಪು ಹತ್ತಿದ್ದನ್ನು ಎತ್ತಿ ಪಕ್ಕಕ್ಕಿಡು, ಹಸಿರು ಹತ್ತಿದ್ದನ್ನು ಬಿಡು, ಅಷ್ಟೇ.

ಒಂದು ಬುಧವಾರ ದೂರು ಬಂತು. ಹೊಸದಾಗಿ ಕಟ್ಟುತ್ತಿದ್ದ ಯಾವುದೋ ಶಾಲೆಗೆ ಕಳಿಸಿದ ಮಾಲಿನಲ್ಲಿ ಪೆಟ್ಟಿಗೆಗಟ್ಟಲೆ ಬಿರುಕು. ಪೆಟ್ಟಿಗೆಯ ಮೇಲಿನ ನಂಬರ್ ನೋಡಿದರೆ ಮೂರನೇ ಬೆಲ್ಟು, ಹಿಂದಿನ ವಾರದ ಮಂಗಳವಾರ, ಅಕ್ಕನ ಪಾಳಿ. ಮ್ಯಾನೇಜರು ಅವಳನ್ನು ಕರೆಸಿ ಕೇಳಿದರು. ದೀಪ ಹಸಿರೇ ಇತ್ತು ಎಂದಳು. ಮಷೀನು ತಪ್ಪು ಮಾಡಲ್ಲ ಅಂತ ನಿನ್ನ ತಮ್ಮನೇ ಹೇಳಿದಾನಲ್ಲಮ್ಮ ಎಂದು ಅವರು ಶುಕ್ರವಾರಕ್ಕೆ ಲೆಕ್ಕ ಮುಗಿಸಿಬಿಟ್ಟರು. ಶನಿವಾರದಿಂದ ಅವಳು ಬರುವಂತಿಲ್ಲ.

ಡಬ್ಬಿಯಣ್ಣ ಸುಮ್ಮನಿರಲಿಲ್ಲ. ಅದೇ ಮಧ್ಯಾಹ್ನ ಒಡೆದ ಟೈಲ್ಸಿನ ನೂರು ಫೋಟೊ ಆರಿಸಿ ಸರ್ವರಿಗೆ ಕಳಿಸಿದ. ನೂರಕ್ಕೆ ನೂರೂ ಬಿರುಕು ಎಂದೇ ಉತ್ತರ ಬಂತು. ಅವನ ಎದೆ ಉಬ್ಬಿತು, ಅಕ್ಕನ ಮೇಲೆ ಸಿಟ್ಟೂ ಬಂತು. ಮನೆಗೆ ಹೋದವನೇ ಶುರು ಮಾಡಿದ.

"ತೂಕಡಿಸಿರ್ತೀಯ, ಒಪ್ಕೊಂಬಿಡಕ್ಕ. ನಾನು ಕೈಕಾಲು ಹಿಡಿದಾದ್ರೂ ಉಳಿಸ್ತೀನಿ."

ಅಕ್ಕ ಒಗೆದ ಬಟ್ಟೆ ಮಡಚುತ್ತಿದ್ದಳು. "ನೀನೂ ಆ ದೀಪದ ಕಡೆಯೋನೇ ಬಿಡು," ಎಂದಳು. ಆಮೇಲೆ ಎರಡು ದಿನ ಒಂದೇ ಮನೆಯಲ್ಲಿದ್ದೂ ಮಾತಿಲ್ಲ. ಏನಾದರೂ ಬೇಕಾದರೆ ಅವನ ಹೆಂಡತಿಯ ಮೂಲಕ ಹೇಳಿಸುತ್ತಿದ್ದಳು. ಹೆಂಡತಿಯೂ ಬೇಕೆಂದೇ ಅದನ್ನು ಎರಡು ಪಟ್ಟು ಗಟ್ಟಿಯಾಗಿ ಹೇಳುತ್ತಿದ್ದಳು.

ಶುಕ್ರವಾರ ಬೆಳಿಗ್ಗೆ ಮ್ಯಾನೇಜರಿಂದ ಅಪ್ಪಣೆಯಾಯಿತು. ಯಜಮಾನರ ಇನ್ನೂ ಮೂರು ಕಾರ್ಖಾನೆಗಳವರು ಮೂರು ಗಂಟೆಗೆ ನೋಡಲು ಬರುತ್ತಾರೆ, ಅಷ್ಟರೊಳಗೆ ಎಲ್ಲ ಕಡೆ ಹೊಸ ಡಬ್ಬಿ ಕೂತಿರಬೇಕು. ಅವರಿಗೆ ಹಿಡಿಸಿದರೆ ನಾಲ್ಕು ಕಾರ್ಖಾನೆಗೂ ಇವನೇ ಮುಖ್ಯಸ್ಥ. ಡಬ್ಬಿಯಣ್ಣ ಹುಮ್ಮಸ್ಸಿನಲ್ಲಿ ಕೆಲಸಕ್ಕಿಳಿದ. ಒಂದು, ಎರಡು ಮುಗಿಸಿ ಮೂರನೇ ಬೆಲ್ಟಿಗೆ ಬಂದು, ಹಳೇ ಡಬ್ಬಿ ಅಳಿಸುವ ಮುಂಚೆ ಅದರೊಳಗಿನ ಲಾಗ್ ತೆರೆದ. ಡಬ್ಬಿ ತಾನು ಮಾಡಿದ್ದನ್ನೆಲ್ಲ ಸಾಲುಸಾಲಾಗಿ ಬರೆದಿಡುವ ದಿನಚರಿ ಅದು. ಮಂಗಳವಾರದ್ದನ್ನು ನೋಡಿದ.

ಉತ್ತರ ಬರಲಿಲ್ಲ, ಸರಿ ಎಂದು ಬಿಟ್ಟೆ. ಉತ್ತರ ಬರಲಿಲ್ಲ, ಸರಿ ಎಂದು ಬಿಟ್ಟೆ. ಹೀಗೇ ಮುನ್ನೂರ ಎಂಬತ್ತಾರು ಸಾಲು.

ಆ ಮಾತು ಬರೆದವನು ಅವನೇ. ಮೊದಲ ವಾರದಲ್ಲಿ ಉತ್ತರ ತಡವಾದಾಗಲೆಲ್ಲ ಬೆಲ್ಟು ನಿಂತು, ಹಿಂದೆ ಸುಡುವ ಗೂಡಿನ ಬಾಯಲ್ಲಿ ಟೈಲ್ಸು ಒಂದರ ಮೇಲೊಂದು ಏರಿ, ಸೂಪರ್‌ವೈಸರ್ ಬಾಯಿಗೆ ಬಂದಂತೆ ಬೈದಿದ್ದ. ಆ ಕಾಟ ತಾಳದೆ, ಎರಡು ಸೆಕೆಂಡು ಕಾಯಿ, ಉತ್ತರ ಬಾರದಿದ್ದರೆ ಹಸಿರು ಹಚ್ಚು ಎಂದು ಬರೆದ. ಸದ್ಯಕ್ಕಿರಲಿ, ಆಮೇಲೆ ತೆಗೆದರಾಯಿತು ಎಂದುಕೊಂಡವನು ಮರೆತೇಬಿಟ್ಟಿದ್ದ. ಈಚೆಗೆ ನಾಲ್ಕನೇ ಬೆಲ್ಟೂ ಅದೇ ಸರ್ವರಿಗೆ ಗಂಟು ಬಿದ್ದಿತ್ತು. ನಾಲ್ಕೂ ಕಡೆಯಿಂದ ಒಟ್ಟಿಗೆ ಕೇಳಿದರೆ ಅದು ಯಾರಿಗೆ ಅಂತ ಹೇಳೀತು? ನೂರಕ್ಕೆ ನೂರು ಎಂದು ಉಬ್ಬಿದ್ದನಲ್ಲ, ಆವತ್ತು ಅವನು ಸರ್ವರನ್ನು ವಿಚಾರಿಸಿದ್ದ. ಬೆಲ್ಟಿಗೆ ಏನು ಕೇಳಿಸಿತು ಎಂದು ವಿಚಾರಿಸಿರಲಿಲ್ಲ.

ಇನ್ನೊಂದು ವಿಷಯವೂ ಹೊಳೆಯಿತು. ಲಾಗ್ ಇರುವುದು ಡಬ್ಬಿಯ ಒಳಗೆ. ಹೊರಗೆ ಬೇರೆ ಕಡೆ ಬರೆಸಬೇಕು ಎಂದು ಕಲಿಸಿದವರು ಹೇಳಿದ್ದರು, ಇವನು ಸೋಮಾರಿತನ ಮಾಡಿದ್ದ. ಈಗ ಅಳಿಸು ಎಂದು ಒಂದು ಸಾಲು ಒತ್ತಿದರೆ ಹಳೇ ಡಬ್ಬಿಯ ಜೊತೆ ಆ ಮುನ್ನೂರ ಎಂಬತ್ತಾರೂ ಹೋಗುತ್ತವೆ. ಹೊಸದರಲ್ಲಿ ಆ ಎರಡು ಸೆಕೆಂಡಿನ ಮಾತು ತೆಗೆದುಬಿಟ್ಟರೆ ದೇವರಿಗೂ ಗೊತ್ತಾಗುವುದಿಲ್ಲ. ಒತ್ತು ಎಂದು ಮ್ಯಾನೇಜರೇ ಹೇಳಿದ್ದಾರೆ. ಕೀಬೋರ್ಡಿನ ಮೇಲೆ ಕೈಯಿಟ್ಟವನು ತಲೆಯೆತ್ತಿ ನೋಡಿದ. ಹತ್ತು ಮಾರು ದೂರದಲ್ಲಿ ಅಕ್ಕ ಈ ಕಡೆ ಬೆನ್ನು ಮಾಡಿ ಟೈಲ್ಸ್ ಎತ್ತಿಡುತ್ತಿದ್ದಳು. ಕೊನೆಯ ದಿನ ಅಂತ ಒಂದಿಷ್ಟೂ ಉದಾಸೀನವಿಲ್ಲ, ಅದೇ ಕೈ, ಅದೇ ಓಟ.

ಅವನು ಲಾಗನ್ನು ಹೊರಗೆ ನಕಲು ಮಾಡಿಕೊಂಡ. ಹಳೇ ಡಬ್ಬಿಯನ್ನು ಅಳಿಸದೆ ಹಾಗೇ ಬಿಟ್ಟ. ಹನ್ನೊಂದು ಹಾಳೆ ಪ್ರಿಂಟ್ ತೆಗೆದುಕೊಂಡು ಮೇಲೆ ಹೋದ.

ಮ್ಯಾನೇಜರು ಓದಿ ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು. ಇದನ್ನು ಇವತ್ತೇ ತರಬೇಕಿತ್ತಾ ಎಂದರು. ಕೆಟ್ಟವರೇನಲ್ಲ, ದಾರಿಯೊಂದನ್ನು ಹುಡುಕಿದರು. ಈಗ ಸುಮ್ಮನೆ ಹೊಸದು ಕೂರಿಸು, ಬಂದವರು ನೋಡಿಕೊಂಡು ಹೋಗಲಿ, ತಿಂಗಳು ಕಳೆದ ಮೇಲೆ ನಿನ್ನಕ್ಕನನ್ನು ಪ್ಯಾಕಿಂಗಿಗೆ ತಗೊಳ್ಳೋಣ, ಎಲ್ಲರ ಮರ್ಯಾದೆಯೂ ಉಳಿಯುತ್ತದೆ.

"ಅವಳ ಮರ್ಯಾದೆ ಎಲ್ಲುಳೀತು ಸರ್?" ಎಂದ ಡಬ್ಬಿಯಣ್ಣ. "ತಪ್ಪು ಅವಳದ್ದಲ್ಲ ಅಂತ ಬರೆದುಕೊಡಿ. ಆಗಲ್ಲ ಅಂದ್ರೆ ಮೂರು ಗಂಟೆಗೆ ಬರೋರ ಮುಂದೆ ಈ ಹಾಳೆ ನಾನೇ ಓದ್ತೀನಿ."

ಮ್ಯಾನೇಜರ ಮುಖ ಕೆಂಪಗಾಯಿತು. ನಾಲ್ಕು ಕಾರ್ಖಾನೆಯ ಆಸೆ ಇಲ್ಲಿಗೇ ಬಿಡು ಎಂದರು. ಬಿಟ್ಟೆ ಎಂದ. ಅವರು ಬರೆದು, ಸಹಿ ಹಾಕಿ, ಕಾಗದವನ್ನು ಅವನ ಕಡೆ ಹೆಚ್ಚುಕಮ್ಮಿ ಎಸೆದರು.

ಊಟದ ಗಂಟೆ ಹೊಡೆದು ಬೆಲ್ಟು ನಿಂತಿತ್ತು. ಅಕ್ಕ ಕೈ ಒರೆಸಿಕೊಂಡು ಕಾಗದ ತೆಗೆದುಕೊಂಡಳು, ನಿಧಾನವಾಗಿ ಓದಿದಳು, ಮಡಚಿದಳು.

"ಇದು ಅವರದ್ದಾಯ್ತು. ನಿಂದೆಲ್ಲಿ?"

ಎರಡು ದಿನದಲ್ಲಿ ಅವನಿಗೆ ನೇರವಾಗಿ ಆಡಿದ ಮೊದಲ ಮಾತು. ಬಿಚ್ಚಿದ ಬುತ್ತಿ ಮುಂದಿಟ್ಟುಕೊಂಡು ಹದಿನೈದು ಇಪ್ಪತ್ತು ಜನ ನೋಡುತ್ತಿದ್ದರು. ಅವರ ಬಾಯಲ್ಲೆಲ್ಲ ಎರಡು ದಿನದಿಂದ ಅಕ್ಕ ತೂಕಡಿಸಿದ ಕತೆಯೇ. ಆ ಮಾತನ್ನು ಬುಧವಾರ ಕಾರ್ಖಾನೆಯಲ್ಲೂ ಮೊದಲು ಆಡಿದವನು ತಾನೇ ಎಂದು ಅವನಿಗೆ ಗೊತ್ತಿತ್ತು. ಕೈಯಲ್ಲಿದ್ದ ಹಾಳೆ ಬಿಡಿಸಿ, ಮಂಗಳವಾರ ಅಕ್ಕ ಎಚ್ಚರವಾಗೇ ಇದ್ದಳು, ಹಸಿರು ದೀಪ ಸುಳ್ಳು ಹೇಳಿತು, ಹೇಳಿಸಿದವನು ನಾನು ಎಂದು ಹೇಳಿ, ಒಂದೊಂದೇ ಸಾಲು ಓದತೊಡಗಿದ. ದನಿ ಅವನಿಗೇ ಸರಿಯಾಗಿ ಕೇಳುತ್ತಿರಲಿಲ್ಲ.

"ಡಬ್ಬಿಯಣ್ಣ, ಫ್ಯಾನಿನ ಸದ್ದಿಗೆ ಏನೂ ಕೇಳಿಸ್ತಿಲ್ಲ," ಎಂದ ಲೋಡಿಂಗಿನ ದಪ್ಪನೆಯವನು, ಮುಸಿಮುಸಿ ನಗುತ್ತ.

ಅಕ್ಕ ಎದ್ದುಹೋಗಿ ಫ್ಯಾನ್ ಆರಿಸಿ ಬಂದು ಕೂತಳು. ಅವನು ಮತ್ತೆ ಮೊದಲಿಂದ ಓದಿದ.