ಸರೋಜಮ್ಮನ ಮುಖ

ಮೊದಲ ದಿನವೇ ಮೇಡಂ ನನ್ನ ಫೋಟೋಗಳನ್ನು ಟೇಬಲ್ಲಿನ ಮೇಲೆ ಹರಡಿ, "ಇವರೆಲ್ಲ ಯಾಕೆ ನಿನ್ನನ್ನೇ ನೋಡ್ತಿದಾರೆ?" ಅಂದರು. ನನಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. ಫೋಟೋ ತೆಗೆಯುವವರನ್ನು ನೋಡದೆ ಇನ್ನೇನು ಗೋಡೆ ನೋಡುತ್ತಾರೆಯೇ? ಲಿಂಗಸುಗೂರಿನಲ್ಲಿ ಸೋದರಮಾವನ ಸ್ಟುಡಿಯೋದಲ್ಲಿ ಐದು ವರ್ಷ ದುಡಿದವಳು ನಾನು. ಅಲ್ಲಿ ಕಣ್ಣು ಮುಚ್ಚಿದ್ದರೆ, ಕಿವಿಯೋಲೆ ಕಾಣದಿದ್ದರೆ ಗಿರಾಕಿಗಳು ಫೋಟೋ ವಾಪಸ್ ತರುತ್ತಿದ್ದರು. ಊರು ಬಿಟ್ಟು ಬಂದು ಸೇರಿದ ಬಸವನಗುಡಿಯ ಈ ಫೋಟೋಗ್ರಫಿ ಕ್ಲಾಸಿನಲ್ಲಿ ಮುಖ ಇದ್ದದ್ದೇ ತಪ್ಪಾಯಿತು. "ಮುಖ ಎಲ್ರೂ ತೆಗೀತಾರೆ. ನಿನ್ನ ಕಣ್ಣಿಗೆ ಬೇರೆ ಏನು ಬೀಳುತ್ತೆ, ಅದನ್ನ ತೆಗಿ," ಅಂದರು ಮೇಡಂ.

ಚಾಮರಾಜಪೇಟೆಯಲ್ಲಿ ಮಹಡಿ ಮೇಲೊಂದು ರೂಮು ಸಿಕ್ಕಿತು. ಮನೆಯೊಡತಿ ಸರೋಜಮ್ಮ ಸರ್ಕಾರಿ ಕಚೇರಿಯಲ್ಲಿ ಅಟೆಂಡರ್ ಆಗಿದ್ದು ನಿವೃತ್ತರಾದವರು. ಮಗಳು ಲತಾ ಜೊತೆ ಕೆಳಗಿದ್ದರು. ಮರುದಿನ ಬೆಳಿಗ್ಗೆ "ತಿಂಡಿ ಆಯ್ತಾ?" ಅಂತ ಕೇಳಿದರು. ಕರೆಯುತ್ತಿದ್ದಾರೆಂದು ತಿಳಿದು ಸೀದಾ ಒಳಗೆ ಹೋಗಿ ಕೂತುಬಿಟ್ಟೆ. ನಮ್ಮ ಕಡೆಯ ನಾಷ್ಟಾಕ್ಕೆ ಇಲ್ಲಿ ತಿಂಡಿ ಅನ್ನುತ್ತಾರೆ, ಮತ್ತು ಅದು ಕರೆಯಲ್ಲ, ಬರೀ ವಿಚಾರಿಸುವುದು. ಸರೋಜಮ್ಮ ಎರಡು ದೋಸೆ ಹಾಕಿಕೊಟ್ಟರು. ಆಮೇಲೆ ದಿನಾ ಕರೆದೇ ಕೊಟ್ಟರು. ಜೋಳದ ರೊಟ್ಟಿ ನೆನಪಾಗಿ ಅಳು ಬಂದಾಗಲೆಲ್ಲ ಅವರ ಅಡುಗೆಮನೆಯಲ್ಲಿ ಹೋಗಿ ಕೂರುತ್ತಿದ್ದೆ.

ಕ್ಲಾಸಿನ ಪ್ರಾಜೆಕ್ಟಿಗೆ ಅವರನ್ನೇ ಆರಿಸಿಕೊಂಡೆ. ಹೂ ಕಟ್ಟುವ ಬೆರಳು, ಬಿರುಕುಬಿಟ್ಟ ಹಿಮ್ಮಡಿ, ನೀರು ಹಿಡಿಯುವಾಗಿನ ಬೆನ್ನು, ಹೀಗೆ ವರ್ಷವಿಡೀ ತೆಗೆದೆ. ಕ್ಯಾಮೆರಾ ಕಂಡರೆ ಸಾಕು, ಅವರು ತಲೆ ಬಾಚಿಕೊಂಡು ನೆಟ್ಟಗೆ ಕೂರುತ್ತಿದ್ದರು.

"ಮುಖ ಬಂತೇನಮ್ಮಾ?"

"ಬಂತಮ್ಮ."

"ಚೆನ್ನಾಗಿರೋದೊಂದು ತೆಗೆದಿಡು. ನಾನು ಹೋದ್ಮೇಲೆ ಗೋಡೆಗೆ ಬೇಕಾಗುತ್ತೆ," ಅಂತ ನಗುತ್ತಿದ್ದರು.

ನಾನು ಸುಳ್ಳು ಹೇಳುತ್ತಿದ್ದೆ. ಇನ್ನೊಂದು ದಿನ ತೆಗೆದರಾಯಿತು ಅಂದುಕೊಳ್ಳುತ್ತಿದ್ದೆ.

"ಈಗ ನಿನ್ನ ದಾರಿ ಸಿಕ್ತು ನೋಡು," ಅಂದರು ಮೇಡಂ. ಉಬ್ಬಿಹೋದೆ. ಊರಿಗೆ ಹೋದಾಗ ಮಾವ ಅದೇ ಚಿತ್ರಗಳನ್ನು ತಿರುವಿ, "ಫೋಟೋ ತೆಗದಿ, ಮಾರೀನ ಬಿಟ್ಟಿ ಅಲ್ಲವಾ!" ಅಂದ. ಮಾರಿ ಅಂದರೆ ನಮ್ಮ ಕಡೆ ಮುಖ. ಇವನಿಗೇನು ಗೊತ್ತು ಅಂದುಕೊಂಡೆ. ಹಾಗೆ ಅಂದುಕೊಂಡದ್ದಕ್ಕೆ ಇವತ್ತು ನಾಚಿಕೆಯಾಗುತ್ತದೆ.

ಒಂದು ಬೆಳಿಗ್ಗೆ ಎದೆನೋವು ಅಂದ ಸರೋಜಮ್ಮ ಆಸ್ಪತ್ರೆ ಮುಟ್ಟುವುದರೊಳಗೆ ಹೋಗಿಬಿಟ್ಟರು. ಎರಡು ದಿನ ಬಿಟ್ಟು ಲತಾ ಮಹಡಿ ಹತ್ತಿ ಬಂದರು. "ಅಮ್ಮಂದು ಒಂದು ಒಳ್ಳೆ ಫೋಟೋ ಕೊಡಿ, ತಿಥಿಗೆ ಫ್ರೇಮ್ ಹಾಕಿಸ್ಬೇಕು. ಮನೇಲೇ ತೆಗೆಯೋರು ಇದೀರಲ್ಲ ಅಂತ ನಾನು ತೆಗೀಲೇ ಇಲ್ಲ."

ಲ್ಯಾಪ್‌ಟಾಪ್ ತೆರೆದೆ. ಲತಾ ಪಕ್ಕದಲ್ಲಿ ಕೂತರು. ಕೈ. ಬೆನ್ನು. ಹಿಮ್ಮಡಿ. ಮತ್ತೆ ಕೈ. "ಮುಂದೆ?" ಅನ್ನುತ್ತಿದ್ದರು, ಮುಂದೆ ಒತ್ತುತ್ತಿದ್ದೆ. ಎಲ್ಲ ಮುಗಿದ ಮೇಲೂ ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ನಮ್ಮಮ್ಮ ನಿಮಗೋಸ್ಕರ ತಲೆ ಬಾಚ್ಕೊಂಡು ಕೂರ್ತಿದ್ರು ಕಣ್ರೀ," ಅಂದು ಇಳಿದುಹೋದರು.

ಕೊನೆಗೆ ಆಧಾರ್ ಕಾರ್ಡಿನ ಚಿತ್ರವನ್ನೇ ದೊಡ್ಡದು ಮಾಡಿಸಿ ಹಾರ ಹಾಕಿದರು. ಮುಖ ಕಲಸಿಹೋಗಿತ್ತು. ತಿಥಿಗೆ ಬಂದವರು "ಸರೋಜಮ್ಮನ ಥರಾನೇ ಇಲ್ವಲ್ಲ" ಅಂತ ಪಿಸುಗುಟ್ಟುತ್ತಿದ್ದರು. ಊಟ ಬಡಿಸುತ್ತಿದ್ದ ನನಗೆ ತಲೆ ಎತ್ತಲಾಗಲಿಲ್ಲ.

ಈಗ ಎನ್.ಆರ್. ಕಾಲೋನಿಯಲ್ಲಿ ಬೇರೆ ರೂಮು. ಮೇಡಂ ಕಲಿಸಿದ್ದು ಸುಳ್ಳು ಅನ್ನಲಾರೆ. ಆ ಕೈಗಳ ಚಿತ್ರ ನನಗೆ ಈಗಲೂ ಚೆನ್ನಾಗಿಯೇ ಕಾಣುತ್ತದೆ. ಮಾವ ಸ್ಟುಡಿಯೋಗೆ ವಾಪಸ್ ಬಾ ಅನ್ನುತ್ತಾನೆ. ಕಳೆದ ಸಲ ಹೋದಾಗ ಮದುಮಗಳನ್ನು ನೆಟ್ಟಗೆ ನಿಲ್ಲಿಸಿ, ಅವಳ ನಡುಗುವ ಬೆರಳನ್ನೇ ನೋಡುತ್ತ ನಿಂತುಬಿಟ್ಟೆ. ಇಲ್ಲಿ ಯಾರದಾದರೂ ಕೈ ತೆಗೆಯಹೊರಟರೆ ಮೊದಲು ಮುಖದ್ದೊಂದು ಇರಲಿ ಅನಿಸುತ್ತದೆ. ಅಲ್ಲಿಯವಳೂ ಆಗಿ ಉಳಿದಿಲ್ಲ, ಇಲ್ಲಿಯವಳೂ ಪೂರ್ತಿ ಆಗಿಲ್ಲ.

ಸರೋಜಮ್ಮನ ಮುಖ ನನಗೆ ಕಣ್ಣಿಗೆ ಕಟ್ಟಿದಂತಿದೆ: ಎಡ ಹುಬ್ಬಿನ ಮೇಲೊಂದು ಮಚ್ಚೆ, ನಗುವಾಗ ಓರೆಯಾಗುವ ತುಟಿ. ಲತಾಗೆ ತೋರಿಸಲು ಮಾತ್ರ ನನ್ನ ಹತ್ತಿರ ಏನೂ ಇಲ್ಲ.