ಟ್ಯಾಂಕಿಗೆ ದೀಪ ಇಳಿಸುವ ಗದಿಗೆಮ್ಮ

ಬೆಳಗಿನ ಐದೂ ಮುಕ್ಕಾಲು. ಹೈದರಾಬಾದಿನ ಕೊಂಡಾಪುರದ ಕಟ್ಟಡವೊಂದರ ನಾಲ್ಕನೇ ಮಹಡಿಯಲ್ಲಿರುವ, ಬಿಯರನ್ನು ಅಲ್ಲೇ ತಯಾರಿಸಿ ಬಡಿಸುವ ಟ್ಯಾಪ್‌ರೂಮಿನಲ್ಲಿ ಕುರ್ಚಿಗಳೆಲ್ಲ ಮೇಜಿನ ಮೇಲೆ ತಲೆಕೆಳಗಾಗಿ ಕೂತಿವೆ. ಹಿಂದಿನ ಸಂಜೆ ಇಲ್ಲಿ ಗ್ಲಾಸು ಹಿಡಿದು ಸಾಲುಗಟ್ಟಿದ್ದವರ ಸುಳಿವೇ ಇಲ್ಲ. ಗಾಜಿನ ಗೋಡೆಯಾಚೆ, ಬಿಯರ್ ಹುಳಿಯುವ ಐದು ಸ್ಟೀಲ್ ಟ್ಯಾಂಕುಗಳು. ನಡುವಿನದಕ್ಕೆ ಏಣಿ ಒರಗಿಸಿ, ನೆರಿಗೆಯನ್ನು ಸೊಂಟಕ್ಕೆ ಸಿಕ್ಕಿಸಿ, ಮೊಣಕಾಲುದ್ದದ ರಬ್ಬರ್ ಬೂಟು ತೊಟ್ಟ ಹೆಂಗಸೊಬ್ಬರು ತುದಿಯ ಮೆಟ್ಟಿಲಲ್ಲಿ ನಿಂತಿದ್ದಾರೆ. ಕೈಯಲ್ಲಿ ದೀಪ. ಪುಟ್ಟ ಸ್ಟೀಲ್ ಬಟ್ಟಲು, ಅದಕ್ಕೆ ಮೂರು ಕಡೆ ತಂತಿ, ತಂತಿಗೆ ಉದ್ದನೆಯ ಹುರಿ. ಬಾವಿಗೆ ಕೊಡ ಬಿಟ್ಟ ಹಾಗೆ ಆ ದೀಪವನ್ನು ಟ್ಯಾಂಕಿನ ಬಾಯಿಂದ ಒಳಗೆ ಇಳಿಸುತ್ತಾರೆ. ಒಂದು ಮೊಳ ಇಳಿದಿದೆಯೋ ಇಲ್ಲವೋ, ದೀಪ ಆರಿಹೋಗುತ್ತದೆ.

"ಇನ್ನಾ ಐತಿ" ಎನ್ನುತ್ತಾ ಹುರಿ ಎಳೆದುಕೊಳ್ಳುತ್ತಾರೆ. ಕೆಳಗೆ ನಿಂತ ನನ್ನತ್ತ ನೋಡಿ, "ಕೂಡ್ರಿ ಸರ್, ಅರ್ಧ ತಾಸು ಕಾಯಬೇಕು. ಅವಸರ ಮಾಡಿದ್ರ ನಾವೂ ಹಿಂಗ ಆರಿ ಹೊಕ್ಕೀವಿ" ಎಂದು ನಗುತ್ತಾರೆ. ಇಂಥ ಮಾತನ್ನು ಅಷ್ಟು ಸಲೀಸಾಗಿ ಹೇಳುವವರನ್ನು ನಾನು ಹೆಚ್ಚು ಕಂಡಿಲ್ಲ.

ಇವರೇ ಗದಿಗೆಮ್ಮ. ವಯಸ್ಸೆಷ್ಟು ಎಂದರೆ "ಆಧಾರಿನಾಗ ನಲವತ್ತೇಳು ಅಂತ ಬರದಾರ, ನಾನೂ ಅಷ್ಟ ಅಂತೀನಿ" ಎನ್ನುತ್ತಾರೆ. ಕೊಂಡಾಪುರ, ಗಚ್ಚಿಬೌಲಿ, ಜುಬಿಲಿ ಹಿಲ್ಸ್‌ಗಳ ಐದು ಟ್ಯಾಪ್‌ರೂಮುಗಳಲ್ಲಿ ಖಾಲಿಯಾದ ಬಿಯರ್ ಟ್ಯಾಂಕು ತೊಳೆಯುವುದು ಅವರ ಕೆಲಸ. ದಿನಕ್ಕೆ ಎರಡು ಕಡೆ. ಏಣಿಗೆ ಹನ್ನೊಂದು ಮೆಟ್ಟಿಲು, ಒಂದು ಟ್ಯಾಂಕಿಗೆ ಕಡಿಮೆಯೆಂದರೂ ಹದಿನೈದು ಸಲ ಹತ್ತಿ ಇಳಿಯಬೇಕು. ಪೈಪಿನಲ್ಲಿ ಬಿಸಿನೀರು ಚಿಮ್ಮಿಸುವ ಏರ್ಪಾಡು ಇದೆ, ನಿಜ. ಆದರೆ ನೊರೆ ಉಕ್ಕಿ ಒಣಗಿದ ಕಡೆ ಮೇಲಂಚಿಗೆ ಕಟ್ಟುವ ಕರೆ ಅದಕ್ಕೆ ಜಗ್ಗುವುದಿಲ್ಲ. ಸೊಂಟದವರೆಗೆ ಒಳಗೆ ಬಾಗಿ ಕೈಯಾರೆ ತಿಕ್ಕಬೇಕು. ಅಪಾಯ ಇರುವುದೂ ಅಲ್ಲೇ.

ನಾನು ಹೊರಟಿದ್ದು ಹೈದರಾಬಾದಿನ ಟ್ಯಾಪ್‌ರೂಮುಗಳನ್ನು ಸುತ್ತಿ ಬರೆಯಲು. ಯಾವ ಬಿಯರ್ ಕಹಿ, ಯಾವುದಕ್ಕೆ ಮಾವಿನ ಪರಿಮಳ, ಎಲ್ಲಿ ಮಿರ್ಚಿ ಭಜ್ಜಿ ಚೆನ್ನ ಎಂದು ನಾಲ್ಕು ಸಂಜೆ ಬಲು ಶ್ರದ್ಧೆಯಿಂದ ಟಿಪ್ಪಣಿ ಮಾಡಿಕೊಂಡೆ. ಅಷ್ಟನ್ನೇ ಬರೆದು ಕೊಟ್ಟಿದ್ದರೆ ಸಂಪಾದಕರೂ ಖುಷಿಯಾಗುತ್ತಿದ್ದರು. ಐದನೆಯ ಸಂಜೆ ಜುಬಿಲಿ ಹಿಲ್ಸ್‌ನಲ್ಲಿ, ಗ್ಲಾಸು ತಂದಿಟ್ಟ ಮೈಸೂರಿನ ಹುಡುಗಿ ನಿಖಿತಾ ಕನ್ನಡ ಕೇಳಿದ್ದೇ ತಡ ಅರಳಿದಳು. "ಸರ್, ನಮ್ಮ ಬಿಯರ್ ಯಾಕೆ ಇಷ್ಟು ಚೆನ್ನಾಗಿರತ್ತೆ ಗೊತ್ತಾ? ನಮ್ಮಲ್ಲಿ ಟ್ಯಾಂಕಿಗೆ ಪೂಜೆ ಆಗತ್ತೆ. ಒಬ್ಬರು ಅಮ್ಮ ಬಂದು ಒಳಗೆ ದೀಪ ಇಳಿಸ್ತಾರೆ. ಅಷ್ಟು ಹೊತ್ತು ನಾವ್ಯಾರೂ ಚಪ್ಪಲಿ ಹಾಕ್ಕೊಂಡು ಹತ್ತಿರ ಹೋಗಲ್ಲ." ಮದ್ಯಕ್ಕೆ ಆರತಿ! ಬರಹಕ್ಕೆ ಒಳ್ಳೆಯ ಒಗ್ಗರಣೆ ಸಿಕ್ಕಿತೆಂದು ಆ ಅಮ್ಮನ ನಂಬರು ಹುಡುಕಿ ಬಂದವನು ನಾನು.

ಬಂದ ಮೇಲೆ ಗೊತ್ತಾಗಿದ್ದೇ ಬೇರೆ. ಇದು ಪೂಜೆಯಲ್ಲ, ಪರೀಕ್ಷೆ. ಯೀಸ್ಟು ಸಕ್ಕರೆ ತಿಂದು ಬಿಯರ್ ಆಗುವಾಗ ಇಂಗಾಲದ ಡೈಆಕ್ಸೈಡ್ ಹುಟ್ಟುತ್ತದೆ. ಅದು ಗಾಳಿಗಿಂತ ಭಾರ. ಬಿಯರನ್ನೆಲ್ಲ ಹೊರಗೆ ಎಳೆದುಕೊಂಡ ಮೇಲೂ ಕಣ್ಣಿಗೆ ಕಾಣದೆ ಟ್ಯಾಂಕಿನಲ್ಲೇ ಕೂತಿರುತ್ತದೆ. ತಲೆ ಹಾಕಿದವರು ಎರಡು ಉಸಿರಿಗೆ ಕುಸಿದರೂ ಕುಸಿದಾರು. ದೀಪ ಆರಿತೆಂದರೆ ಅದು ಒಳಗಿದೆ ಎಂದರ್ಥ. ಐದು ಟ್ಯಾಪ್‌ರೂಮುಗಳಲ್ಲಿ ನಾಲ್ಕರವರು ಇವತ್ತಿಗೂ ಇದನ್ನು ಪೂಜೆಯೆಂದೇ ನಂಬಿದ್ದಾರೆ. ಆ ನಂಬಿಕೆಯ ಮರೆಯಲ್ಲೇ ಗದಿಗೆಮ್ಮ ನಾಲ್ಕು ವರ್ಷದಿಂದ ದಿನಾ ಅರ್ಧ ತಾಸು ಗಿಟ್ಟಿಸಿಕೊಂಡು, ತಮ್ಮ ಜೀವವನ್ನೂ ಪಕ್ಕದವರ ಜೀವವನ್ನೂ ಕಾಯುತ್ತಿದ್ದಾರೆ. ನಿಜ ಹೊರಬಿದ್ದರೆ ಆ ಅರ್ಧ ತಾಸು ಯಾರು ಕೊಡುತ್ತಾರೆ? ಅವರಿಗಿರುವ ಭಯ ಇದೊಂದೇ.

ಶುರುವಾದದ್ದು ಹೇಗೆ ಎಂದು ಕೇಳಿದೆ. "ಮೊದಲನೇ ವಾರ ಗ್ಯಾಸ್ ಐತಿ, ಸ್ವಲ್ಪ ಬಿಡ್ರಿ ಅಂತ ಸೂಪರ್ವೈಜರ್‌ಗ ಹಿಂದಿಯೊಳಗ ಹೇಳಿದೆ. ಟೈಮ್ ನಹೀ ಹೈ ಅಂದ. ಮರುದಿನ ನಾ ಮನಿಯಿಂದ ಬಟ್ಟಲಾ ಎಣ್ಣಿ ಬತ್ತಿ ತಂದು ಹಚ್ಚಿದೆ. ಅಂವ ಬಂದು ದೀಪ ನೋಡಿದ, ಗಪ್ಪನ ಬೂಟ್ ಕಳದು ಹಿಂದಕ್ಕ ಸರದು ಕೈ ಮುಗದ. ನಾ ಪೂಜಿ ಅಂತ ಒಂದಿನಾನೂ ಬಾಯಿ ಬಿಟ್ಟು ಅಂದಿಲ್ರಿ. ಅವ್ರ ಅಂದ್ಕೊಂಡ್ರು. ನಾ ಅಲ್ಲ ಅನ್ಲಿಲ್ಲ, ಅಷ್ಟ." ಗ್ಯಾಸಿಗೆ ಇಲ್ಲದ ಟೈಮು ದೇವರಿಗೆ ಕೂಡಲೇ ಸಿಕ್ಕಿತು!

ಆಮೇಲಿನ ಕತೆ ಕೇಳಿದರೆ ನಕ್ಕು ನಕ್ಕು ಹೊಟ್ಟೆ ಹುಣ್ಣಾಗುತ್ತದೆ. ಗಚ್ಚಿಬೌಲಿಯಲ್ಲಿ ಶುಕ್ರವಾರ ಬಂತೆಂದರೆ ತೆಂಗಿನಕಾಯಿ ತಯಾರು. ಇನ್ನೊಂದು ಕಡೆ ಅಡುಗೆಯವರು ಗುಡಿಮಲ್ಕಾಪುರದ ಮಾರ್ಕೆಟ್ಟಿನಿಂದ ಚೆಂಡುಹೂ ತಂದು ಏಣಿಗೆ ಮುಡಿಸುತ್ತಾರೆ. ಮಾಲೀಕರೊಬ್ಬರ ತಾಯಿ ಕಾರು ಮಾಡಿಕೊಂಡು ಬಂದು, ಒಳಗೆ ಕುಂಕುಮವನ್ನೂ ಹಾಕಬಾರದೇ ಎಂದು ಕೇಳಿದರಂತೆ. "ಕುಂಕುಮ ಬಿದ್ರ ಬೀರ್ ಕೆಂಪಾಕ್ಕೈತ್ರೀ ಅಮ್ಮಾರ ಅಂದೆ. ಹೌದಲ್ಲ ಅಂದು ಸುಮ್ನಾದ್ರು." ಸರ್ವರ್‌ಗಳು ಹಾದುಹೋಗುವಾಗ ತೆಲುಗಿನಲ್ಲಿ, "ಅಮ್ಮಾ, ಪೂಜ ಅಯ್ಯಿಂದಾ?" ಎಂದು ದನಿ ತಗ್ಗಿಸಿ, ಪೂಜೆ ಆಯಿತೇ ಅಂತ ವಿಚಾರಿಸುತ್ತಾರೆ. ಇವರು ಅಷ್ಟೇ ಗಂಭೀರವಾಗಿ "ಇಂಕಾ ಲೇದು" ಎನ್ನುತ್ತಾರೆ. ಇನ್ನೂ ಆಗಿಲ್ಲ. ಅಷ್ಟರಲ್ಲಿ ಟ್ಯಾಂಕಿನ ಕೆಳಗಿನ ವಾಲ್ವು ತೆರೆದಿರುತ್ತದೆ, ಮೇಲಿನ ಬಾಯಿಗೆ ಟೇಬಲ್ ಫ್ಯಾನು ತಿರುಗುತ್ತಿರುತ್ತದೆ. ದೇವರಿಗೆ ಸೆಕೆಯೇ ಎಂದು ಯಾರೂ ಕೇಳಿಲ್ಲವಂತೆ.

ಇಷ್ಟು ನಗಿಸಿದವರು ದೀಪದ ವಿದ್ಯೆ ಕಲಿತದ್ದು ಎಲ್ಲಿ ಎಂದು ಕೇಳಿದಾಗ ನಗು ಬಿಟ್ಟು ಊರಿನ ಕತೆ ತೆಗೆದರು. ಲಿಂಗಸುಗೂರು ಕಡೆಯ ಹಳ್ಳಿ ಅವರದು. ಅಲ್ಲಿ ಜೋಳವನ್ನು ಹಗೇವಿನಲ್ಲಿ ಇಡುತ್ತಿದ್ದರು. ನೆಲದಲ್ಲಿ ತೋಡಿದ ಗುಳಿ ಅದು, ಬಾಯಿ ಕಿರಿದು, ಒಳಗೆ ಕೋಣೆಯಷ್ಟು ಅಗಲ. ಚಪ್ಪಡಿ ಮುಚ್ಚಿ ಮಣ್ಣು ಮೆತ್ತಿದರೆ ಕಾಳು ವರ್ಷಗಟ್ಟಲೆ ಕೆಡುತ್ತಿರಲಿಲ್ಲ. ತೆರೆದ ಕೂಡಲೇ ಮಾತ್ರ ಇಳಿಯುವ ಹಾಗಿಲ್ಲ. ಕಂಬಳಿ ಬೀಸಿ ಗಾಳಿ ಆಡಿಸಿ, ಕಂದೀಲು ಇಳಿಸಿ, ಅದು ಉರಿಯುತ್ತಿದ್ದರೆ ಮನುಷ್ಯ ಇಳಿಯಬೇಕು.

"ನನಗ ಒಂಬತ್ತು ವರ್ಷ. ನಮ್ಮ ದೊಡ್ಡಪ್ಪ ದ್ಯಾವಪ್ಪ ಹಗೇವು ತಗದ. ಜೋಳ ಒಯ್ಯಾಕ ಬಂಡಿ ಬಂದು ನಿಂತಿತ್ತು, ಬಡಾಬಡಾ ಇಳದ. ಯವ್ವಾ ಅಂತ ಸೈತ ಅನ್ಲಿಲ್ರಿ. ಅವನ್ನ ಎತ್ತಾಕ ಬಾಜೂ ಮನಿ ಗುರುಶಾಂತ ಇಳದ. ಅವನೂ ಮ್ಯಾಲ ಬರ್ಲಿಲ್ಲ. ಕಂದೀಲು ಪಡಸಾಲ್ಯಾಗ ನೇತಾಡಾಕತ್ತಿತ್ತು. ಎಣ್ಣಿನೂ ಇತ್ತು. ತರಾಕ ಯಾರೂ ಹೋಗ್ಲಿಲ್ಲ. ನಾನೂ ಅಲ್ಲೇ ನಿಂತಿದ್ದೆ, ನಾನೂ ಹೋಗ್ಲಿಲ್ಲ." ಹೇಳುವಾಗ ಅವರ ಕಣ್ಣು ತುಂಬಿತು, ನನ್ನದೂ. ಒಂಬತ್ತು ವರ್ಷದ ಕೂಸಿನದೇನು ತಪ್ಪು ಎಂದು ಸಮಾಧಾನ ಹೇಳಹೋದೆ, ಅವರು ಕೇಳಿಸಿಕೊಳ್ಳಲಿಲ್ಲ.

ಗಂಡ ಅಮರಯ್ಯನ ಜೊತೆ ಹೈದರಾಬಾದಿಗೆ ಬಂದು ಹತ್ತೊಂಬತ್ತು ವರ್ಷ. ಮೊದಲು ಕಟ್ಟಡದ ಕೆಲಸ. ಕೊಂಡಾಪುರದ ಎಷ್ಟೋ ಆಫೀಸುಗಳಿಗೆ ಗದಿಗೆಮ್ಮ ಸಿಮೆಂಟು ಹೊತ್ತಿದ್ದಾರೆ. ಬೆನ್ನು ಕೈಕೊಟ್ಟ ಮೇಲೆ ಈ ಕೆಲಸ. ಅಮರಯ್ಯ ಈಗ ಅಪಾರ್ಟ್‌ಮೆಂಟೊಂದರ ವಾಚ್‌ಮನ್. ಮೊದಲ ದಿನ ಟ್ಯಾಂಕಿನ ಬಾಯಿ ತೆರೆದಾಗ ಸೂಜಿ ಚುಚ್ಚಿದ ಹಾಗೆ ಮೂಗು ಚುರುಗುಟ್ಟಿತಂತೆ. "ಅಯ್ಯ ಶಿವನೇ, ಇದು ಹಗೇವು ಅಂದೆ. ಸ್ಟೀಲಿಂದು, ಅಷ್ಟ ಫರಕು." ನಾಲ್ಕು ವರ್ಷದಲ್ಲಿ ಒಂದು ಗುಟುಕಾದರೂ ರುಚಿ ನೋಡಿದ್ದೀರಾ ಎಂದರೆ ನನ್ನನ್ನೇ ಮೇಲಿಂದ ಕೆಳಗೆ ನೋಡಿ, "ತೊಳ್ಯಾಕ ಬಂದೀನೋ ಕುಡ್ಯಾಕ ಬಂದೀನೋ?" ಎಂದರು. ನನ್ನ ನಾಲ್ಕು ಸಂಜೆಯ ಟಿಪ್ಪಣಿಗಳು ಜೇಬಿನಲ್ಲಿ ಮುದುಡಿಕೊಂಡವು.

ನಿಜ ಗೊತ್ತಿರುವ ಆ ಒಂದು ಟ್ಯಾಪ್‌ರೂಮು ಇದೇ, ನಾವೀಗ ನಿಂತಿರುವುದು. ಗೊತ್ತಾದದ್ದು ಮೂರು ತಿಂಗಳ ಹಿಂದೆ, ಬಿಯರ್ ತಯಾರಿಸುವ ರವಿಶಂಕರ್ ಬೆಂಗಳೂರಿನಿಂದ ಇಲ್ಲಿಗೆ ಬಂದ ವಾರ. ಎಂಜಿನಿಯರಿಂಗ್ ಓದಿದ ಮೂವತ್ನಾಲ್ಕರ ಈ ಮನುಷ್ಯನಿಗೆ ಕೆಲಸದ ಜಾಗದಲ್ಲಿ ದೇವರು ಕಂಡರೆ ಆಗುತ್ತಿರಲಿಲ್ಲ. ಉಳಿದದ್ದನ್ನು ಅವರ ಬಾಯಲ್ಲೇ ಕೇಳಿ.

"ಅಮ್ಮ, ಪೂಜೆಯೆಲ್ಲ ಮನೇಲಿ ಇಟ್ಕೊಳ್ಳಿ, ಎಂಟು ಗಂಟೆಗೆ ನಾನು ಹೊಸ ಬ್ಯಾಚ್ ಶುರು ಮಾಡ್ಬೇಕು ಅಂತ ದೀಪ ಕಿತ್ತು ಕೆಳಗಿಟ್ಟೆ. ನೀರು ಚಿಮ್ಮಿಸೋ ಗುಂಡು ಒಳಗೆ ಕಟ್ಕೊಂಡಿತ್ತು, ಬಿಡಿಸೋಣ ಅಂತ ಏಣಿ ಹತ್ತಿ ತಲೆ ಬಗ್ಗಿಸಿದೆ. ಹಿಂದಿನಿಂದ ಬೆಲ್ಟು ಹಿಡಿದು ಎಳೆದ್ರು ನೋಡಿ, ಇಬ್ಬರೂ ಕೆಳಗೆ ಬಿದ್ವಿ. ನಂಗೆ ಕೋಪ ನೆತ್ತಿಗೇರ್ತು. ನಾಳೆಯಿಂದ ಬರ್ಬೇಡಿ ಅಂದ್ಬಿಟ್ಟೆ."

ಗದಿಗೆಮ್ಮ ಅವತ್ತು ನಾಲ್ಕು ವರ್ಷದ ಗುಟ್ಟು ಬಿಚ್ಚಿಟ್ಟರು. "ಬರಂಗಿಲ್ಲ ಬಿಡ್ರಿ. ಆದ್ರ ಇದು ಪೂಜಿ ಅಲ್ಲ. ಒಳಗ ಗಾಳಿ ಸತ್ತೈತಿ, ನೋಡ್ರಿ" ಎಂದು ದೀಪ ಹಚ್ಚಿ ಇಳಿಸಿದರು. ಆರಿತು. ಮತ್ತೆ ಹಚ್ಚಿದರು, ಮತ್ತೆ ಆರಿತು. ಮೂರನೆಯ ಸಲಕ್ಕೆ ರವಿಶಂಕರ್ ಮಾಲ್ಟಿನ ಚೀಲದ ಮೇಲೆ ಕೂತರಂತೆ. "ಆ ಗ್ಯಾಸಿನ ಹೆಸರು, ತೂಕ, ಎಲ್ಲ ನಂಗೆ ಗೊತ್ತು ಸರ್. ಪರೀಕ್ಷೇಲಿ ಬರೆದು ಪಾಸಾಗಿದೀನಿ. ಮುಚ್ಚಳ ತೆಗೆದಿದೆ, ಹೋಗಿರತ್ತೆ ಅಂದ್ಕೊಂಡೆ. ನಾಚಿಕೆ ಆಯ್ತು."

ಮಾರನೆಯ ದಿನ ರವಿಶಂಕರ್ ತಾವೇ ಫೋನು ಮಾಡಿ ಕರೆಸಿಕೊಂಡರು. ಗಾಳಿ ಅಳೆಯುವ ಮೀಟರು ತರಿಸಿದರು. ದೀಪ ಉರಿಯುತ್ತಿದ್ದರೂ ಒಮ್ಮೊಮ್ಮೆ ಅಪಾಯ ಉಳಿದಿರುತ್ತದೆ ಎಂದು ತಿಳಿಸಿ ಹೇಳಿದರು. ಗದಿಗೆಮ್ಮ ಒಪ್ಪಿಕೊಂಡರು, ದೀಪವನ್ನು ಮಾತ್ರ ಬಿಡಲಿಲ್ಲ. ಈಗ ಇಲ್ಲಿನ ಕಟ್ಟುನಿಟ್ಟು ಹೀಗಿದೆ: ಮೀಟರು ಕೂಗಿದರೆ ರವಿಶಂಕರ್ ಯಾರನ್ನೂ ಬಾಗಲು ಬಿಡುವುದಿಲ್ಲ, ದೀಪ ಆರಿದರೆ ಗದಿಗೆಮ್ಮ ಬಿಡುವುದಿಲ್ಲ.

ಅರ್ಧ ತಾಸು ಕಳೆಯಿತು. ದೀಪ ತಳದವರೆಗೂ ಇಳಿದು ಉರಿಯುತ್ತಲೇ ಇತ್ತು, ಮೀಟರೂ ಸುಮ್ಮನಿತ್ತು. ಗದಿಗೆಮ್ಮ ಮೊಣಕೈವರೆಗೆ ಕೈಗವಸು ಏರಿಸಿ, ಬ್ರಷ್ ಹಿಡಿದು ಬಾಗಿದರು. ಒಂದು ಗಂಟೆಯಲ್ಲಿ ಟ್ಯಾಂಕಿನ ಒಳಮೈ ಮುಖ ಕಾಣುವಷ್ಟು ಥಳಥಳ. ಗಚ್ಚಿಬೌಲಿಯ ಇನ್ನೊಂದನ್ನೂ ಮುಗಿಸಿ, ತೆಂಗಿನಕಾಯಿಯ ಹೋಳು ಚೀಲಕ್ಕೆ ಹಾಕಿಕೊಂಡು ಹೊರಬಂದಾಗ ಹತ್ತೂವರೆ. ರಾತ್ರಿ ಪಾಳಿ ಮುಗಿಸಿದ ಅಮರಯ್ಯ ಚಹಾದಂಗಡಿಯ ಮುಂದೆ ಕಾಯುತ್ತಿದ್ದರು.

ಅಲ್ಲಿ ನನ್ನ ಸಂಕಟ ಹೇಳಿಕೊಂಡೆ. ಪೂಜೆ ಎಂದು ಬರೆದರೆ ಸುಳ್ಳು. ನಿಜ ಬರೆದರೆ ನಾಲ್ಕೂ ಕಡೆ ಗೊತ್ತಾಗಿ, ಅವರ ಅರ್ಧ ತಾಸಿಗೆ ಕುತ್ತು. ಅಮರಯ್ಯ ತಟ್ಟನೆ ಕೈ ಅಡ್ಡ ಹಿಡಿದರು. "ಬ್ಯಾಡ್ರಿ ಸರ್. ಚಲೋ ನಡದೈತಿ. ಇದು ದೇವ್ರಲ್ಲ ಅಂತ ಗೊತ್ತಾದ್ರ ನಾಳಿಗೇ, ಲಗೂ ತೊಳಿ ನಡಿ ಅಂತಾರ." ಅವರ ಹೆದರಿಕೆಯಲ್ಲಿ ಹುರುಳಿತ್ತು. ನಾನು ಪೆನ್ನಿನ ಮುಚ್ಚಳ ಹಾಕಿದೆ.

ಗದಿಗೆಮ್ಮ ಗ್ಲಾಸಿನಲ್ಲಿದ್ದ ಚಹಾ ಮುಗಿಸಿದರು. ಆಮೇಲೆ ಗಂಡನತ್ತ ತಿರುಗಿದರು. "ನಾ ಇದ್ದ ದಿನ ಪೂಜಿ ನಡೀತೈತಿ. ನಾ ಇಲ್ಲದ ದಿನ? ನಾ ಹೋಗದ ಜಾಗಾ ಈ ಊರಾಗ ಎಷ್ಟದಾವು? ಪೂಜಿ ಅಂದ್ಕೊಂಡಾವ್ರು, ಇವತ್ತೊಂದಿನ ಬಿಟ್ರ ಏನಾಕ್ಕೈತಿ ಅಂತ ತಲಿ ಹಾಕ್ತಾರ. ಗ್ಯಾಸ್ ಅಂತ ಗೊತ್ತಿದ್ದಾವ್ರು ಹಾಕಂಗಿಲ್ಲ." ಅಮರಯ್ಯ ಅಡ್ಡ ಹಿಡಿದ ಕೈ ತೆಗೆದರು.

"ಬರೀರಿ ಸರ್" ಎಂದು ಎದ್ದರು ಗದಿಗೆಮ್ಮ. "ನನ್ನ ಹೆಸರು ಹಾಕಿ, ದೊಡ್ಡ ಅಕ್ಷರದಾಗ ಬರೀರಿ. ದೇವ್ರಿಗೆ ಅಂತ ಅರ್ಧ ತಾಸು ಕಾದಾವ್ರು, ಮನಶ್ಯಾನ ಜೀವಕ್ಕ ಕಾಯಂಗಿಲ್ಲೇನು? ನಾಳೆ ಹೋಗಿ ನಾಲ್ಕೂ ಕಡೆ ನಾನ ಕೇಳ್ತೀನಿ."